ಅಕ್ಕನ ನೆಲದಡಿಗೆ ನಾನು ಹಾಕಿದ್ದು

ಹೊಸ ಮನೆಗೆ ಹೋದರೆ ನನ್ನ ಅಕ್ಕ ಮೊದಲು ನೋಡುವುದು ನೆಲವನ್ನು. ಉಳಿದವರು ತಲೆಯೆತ್ತಿ ಸೀಲಿಂಗಿನ ದೀಪ, ಬಾಗಿಲಿನ ಕೆತ್ತನೆ ಹೊಗಳುತ್ತಿರುವಾಗ ಅವಳು ಅಂಗೈ ಊರಿ ಒಂದು ಗಳಿಗೆ ಸುಮ್ಮನೆ ಕುಳಿತಿರುತ್ತಾಳೆ. ಆಮೇಲೆ ಗೋಡೆಯ ಬದಿಯಿಂದ ನಡುವಿಗೆ, ನಡುವಿನಿಂದ ಅಡುಗೆಕೋಣೆಯ ಬಾಗಿಲಿಗೆ ಸರಿಯುತ್ತಾಳೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎರಡೂ ಕಾಲಿನ ಬಲ ಹೋಯಿತು. ಅಂದಿನಿಂದ ಅವಳು ಕುಳಿತೇ ಓಡಾಡುವವಳು. ನಮಗೆ ನೆಲ ಎಂದರೆ ಕಾಲಡಿಯ ಒಂದು ಜಾಗ. ಅವಳಿಗೆ ಅದು ದಾರಿ, ಕುರ್ಚಿ, ಮಂಚ, ಎಲ್ಲವೂ.

ಕಡಬದ ಹತ್ತಿರ ಒಂದು ಗೃಹಪ್ರವೇಶದಲ್ಲಿ ಮನೆಯ ಯಜಮಾನರು ಅವಳನ್ನು ಕೇಳಿದರು: "ಹೇಗುಂಟಕ್ಕ ಮನೆ?"

"ಮನೆ ಚಂದ ಉಂಟು. ನೆಲ ಮಾತ್ರ ಮಳೆಗಾಲದಲ್ಲಿ ಬೆವರ್ತದೆ ನೋಡಿ."

"ನೆಲಕ್ಕೆಂತ ಜ್ವರವಾ, ಬೆವರ್ಲಿಕ್ಕೆ?" ಎಂದು ಅವರು ನಕ್ಕರು. ಸುತ್ತ ಇದ್ದವರೂ ನಕ್ಕರು, ನಾನೂ ನಕ್ಕೆ. ಮಳೆ ಜೋರಾದ ಆಟಿ ತಿಂಗಳಲ್ಲಿ ಅದೇ ಯಜಮಾನರು ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ, ಆ ಹೊಳೆಯುವ ನೆಲವನ್ನು ಎಷ್ಟು ಸಲ ಒರೆಸಿದರೂ ಒದ್ದೆ, ಏನು ಮಾಡುವುದೆಂದು ನಿಮ್ಮ ಅಕ್ಕನನ್ನು ಕೇಳಿ ಹೇಳುತ್ತೀರಾ ಎಂದರು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೋಡಿಂಬಾಳದ ಸುತ್ತಮುತ್ತ ಬೇರೆಯವರ ತೋಟದಲ್ಲಿ ಗುಂಡಿ ತೋಡುವುದು, ಬುಡ ಬಿಡಿಸುವುದು, ಸಸಿ ನೆಡುವುದು ನನ್ನ ಕೆಲಸ. ಬರೆಯುವುದು ಅಭ್ಯಾಸವಿಲ್ಲ. ಆದರೆ ಅಕ್ಕನ ಮನೆಯ ವಿಷಯವನ್ನು ಊರಿನವರು ಹೇಳುವ ಹಾಗೆ ಬಿಟ್ಟರೆ ತಪ್ಪು ಅದನ್ನು ಕಟ್ಟಿದ ಮೇಸ್ತ್ರಿಯ ಮೇಲೆ ನಿಂತುಬಿಡುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಅಕ್ಕ ನಮ್ಮೊಡನೆಯೇ ಇದ್ದಳು. ಹೊಲಿಗೆ ಅವಳ ಕಸುಬು. ಮೆಷಿನ್ನಿಗೆ ಮೋಟಾರು ಹಾಕಿಸಿ, ಅದನ್ನು ಮೊಣಕೈಯಿಂದ ಒತ್ತುವ ಹಾಗೆ ತಾನೇ ಮಾಡಿಸಿಕೊಂಡಿದ್ದಳು. ರಾಮಕುಂಜದಿಂದಲೂ ರವಿಕೆ ಹೊಲಿಸಲು ಹೆಂಗಸರು ಬರುತ್ತಿದ್ದರು. ನಮ್ಮ ಮನೆಯಲ್ಲಿ ಕೋಣೆಗೊಂದು ಹೊಸ್ತಿಲು, ಅಂಗಳಕ್ಕೆ ಇಳಿಯಲು ಮೆಟ್ಟಿಲು, ಬಚ್ಚಲು ಹೊರಗೆ. ಒಂದು ಲೋಟ ನೀರಿಗೆ ಅವಳು ಎರಡು ಹೊಸ್ತಿಲು ಏರಿ ಇಳಿಯಬೇಕಿತ್ತು. ಒಂದು ದಿನ ಊಟದ ಹೊತ್ತಿಗೆ, ರಸ್ತೆ ಬದಿಯ ಗುಡ್ಡದ ತುಂಡಿನಲ್ಲಿ ತನಗೊಂದು ಮನೆ ಕಟ್ಟಿಕೊಳ್ಳುತ್ತೇನೆ ಎಂದಳು.

ನನ್ನ ಹೆಂಡತಿಗೆ ಅಳುವೇ ಬಂತು. "ಯಾಕತ್ತಿಗೆ, ನಾನು ಎಂತಾದ್ರೂ ಕಡಿಮೆ ಮಾಡಿದ್ದುಂಟಾ?"

"ನೀನು ಕಡಿಮೆ ಮಾಡಿದ್ದಿಲ್ಲ. ನಮ್ಮಜ್ಜ ಹೊಸ್ತಿಲು ಜಾಸ್ತಿ ಮಾಡಿದ್ದು," ಎಂದು ಅಕ್ಕ ಸಾರು ಬಡಿಸಿಕೊಂಡಳು.

ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. ನಾನು ನಗಲಿಲ್ಲ. ಮರುದಿನವೇ ಪೇಟೆಯಲ್ಲಿ ಒಬ್ಬರು, "ಅಕ್ಕನನ್ನು ಬೇರೆ ಹಾಕುದಂತೆ, ಹೌದಾ ಮಾರಾಯ?" ಎಂದು ಕೇಳಿದರು. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕುಳಿತಿತು.

ಅವಳ ಮನೆಗೆ ಇಂಜಿನಿಯರ್ ಇರಲಿಲ್ಲ. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ನಮ್ಮ ಜಗಲಿಯ ಮೇಲೆ ಕೋಣೆಗಳ ಗೆರೆ ಎಳೆದು, ಅದರೊಳಗೆ ತಾನೇ ಸರಿದಾಡಿ, ಇಲ್ಲಿ ತಿರುಗಲು ಜಾಗ ಸಾಲದು, ಇಲ್ಲಿ ಕೈ ಚಾಚಿದರೆ ಒಲೆ ಸಿಗಬೇಕು ಎಂದು ಒರೆಸಿ ಮತ್ತೆ ಎಳೆಯುತ್ತಿದ್ದಳು. ಮೇಸ್ತ್ರಿ ಕಡಬದ ಬ್ಯಾರಿ ಸಮುದಾಯದವರು. ಮಾತು ಜಾಸ್ತಿ, ಕೆಲಸ ಅದಕ್ಕಿಂತ ಜಾಸ್ತಿ. ಕಿಟಕಿಯ ಗುರುತು ನೋಡಿ ಅವರು ಸೊಂಟಕ್ಕೆ ಕೈಕೊಟ್ಟು ನಿಂತರು.

"ಅಲ್ಲಕ್ಕ, ನೆಲದಿಂದ ಒಂದು ಮೊಳಕ್ಕೆ ಕಿಟಕಿಯಾ? ಇದು ಕಿಟಕಿಯಾ, ಬೆಕ್ಕಿಗೆ ಬಾಗಿಲಾ?"

"ನಿಮಗೆ ನಿಂತು ಕಾಣುದು ನನಗೆ ಕೂತು ಕಾಣ್ಬೇಕು ಮೇಸ್ತ್ರಿ. ಬೆಕ್ಕು ಬಂದ್ರೂ ಬರಲಿ, ಮಾತಾಡ್ಲಿಕ್ಕೆ ಜನ ಆಯ್ತಲ್ಲ."

ಮಾಡಿನ, ಅಂದರೆ ಛಾವಣಿಯ, ವಿಷಯದಲ್ಲೂ ಚರ್ಚೆಯಾಯಿತು. ಟೆರೇಸ್ ಹಾಕಿದರೆ ಗಟ್ಟಿ ಎಂದು ಮೇಸ್ತ್ರಿ. "ಮಾರ್ಚಲ್ಲಿ ಟೆರೇಸಿನಡಿ ಫ್ಯಾನ್ ಹಾಕಿದ್ರೆ ಇಸ್ತ್ರಿಪೆಟ್ಟಿಗೆ ಊದಿದ ಹಾಗೆ ಆಗ್ತದೆ. ನಾನು ದಿನವಿಡೀ ಅದರಡಿ ಕೂತುಕೊಳ್ಳುವವಳು," ಎಂದು ಅಕ್ಕ. ಕೊನೆಗೆ ಹಂಚಿನ ಮಾಡು, ಅದರ ಕೆಳಗೆ ಅಂಗೈಯಷ್ಟು ಸಂದು ಬಿಟ್ಟು ಇನ್ನೊಂದು ಪದರ ಸೀಲಿಂಗ್ ಹಂಚು ಎಂದಾಯಿತು. ಆ ಸಂದಿಗೆ ಸೂರಿನ ಬದಿಯಿಂದ ಗಾಳಿ ಹೊಕ್ಕು ಮಾಡಿನ ತುದಿಯ ಕೋಡಿನಲ್ಲಿ ಹೊರಹೋಗಬೇಕು. ಮೇಲಿನ ಹಂಚಿನ ಬಿಸಿ ಗಾಳಿಯೊಡನೆಯೇ ಹೋಗಿಬಿಡುತ್ತದೆ, ಕೆಳಗಿನ ಹಂಚಿಗೆ ಮುಟ್ಟುವುದಿಲ್ಲ. ಪಡುವಣ ಗೋಡೆಯ ಹೊರಗೆ ಉದ್ದಕ್ಕೆ ಮಾಡು ಇಳಿಸಿ ಅಲ್ಲಿ ಸೌದೆ ಒಟ್ಟುವ ಜಾಗ ಮಾಡಿಸಿದಳು. ಬಿಸಿಲು ಗೋಡೆಯನ್ನು ಮುಟ್ಟಿದ ಮೇಲೆ ಒಳಗೆ ಏನು ಮಾಡಿದರೂ ತಡವಾಯಿತು ಎಂಬುದು ಅವಳ ಲೆಕ್ಕ. ಇವತ್ತು ಸುಡು ಬೇಸಗೆಯಲ್ಲೂ ಅವಳ ಮನೆಯೊಳಗೆ ಕಾಲಿಟ್ಟರೆ ಬಾವಿಕಟ್ಟೆಯ ನೆರಳಿಗೆ ಬಂದ ಹಾಗಾಗುತ್ತದೆ.

ನೆಲಕ್ಕೆ ಅವಳು ಆರಿಸಿದ್ದು ಸುಟ್ಟ ಮಣ್ಣಿನ ಹಳೆಯ ಹಾಸುಹಂಚು. ಹೊಳೆಯುವ ಟೈಲ್ಸು ಒದ್ದೆಯಾದರೆ ಅಂಗೈ ಜಾರುತ್ತದೆ, ಗ್ರಾನೈಟು ಮಳೆಗಾಲದಲ್ಲಿ ಎಲುಬಿಗೆ ಥಂಡಿ ಏರಿಸುತ್ತದೆ. ಮಣ್ಣಿನ ಹಂಚು ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ, ಕೈಗೆ ಹಿಡಿತವೂ ಇರುತ್ತದೆ. ಕಲ್ಲುಗುಂಡಿಯಲ್ಲಿ ರಸ್ತೆ ಬದಿಯ ಒಂದು ಹಳೆಯ ಕಟ್ಟಡ ಕೆಡವುತ್ತಾರೆಂದು ಕೇಳಿ ಪಿಕಪ್ ಮಾಡಿಕೊಂಡು ಹೋದೆವು. ಅವಳು ಹಂಚಿನ ರಾಶಿಯ ನಡುವೆ ಕುಳಿತು ಒಂದೊಂದನ್ನೂ ಗೆಣ್ಣಿನಿಂದ ಕುಟ್ಟಿ, ಠಣ್ ಎಂದದ್ದನ್ನು ಇಟ್ಟುಕೊಂಡು, ಪೆದ್ದು ದನಿ ಬಂದದ್ದನ್ನು ಆಚೆ ಎಸೆದಳು. ಕೆಡವುವ ಕೆಲಸದವರು ಕೆಲಸ ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಆದರೆ ಮೇಲಿನ ಹಂಚು ಮುಖ್ಯವಲ್ಲ ಎಂದು ಅವಳಿಗೆ ಗೊತ್ತಿತ್ತು. "ಲೈನಿಂಗ್ ಸರಿ ಇಲ್ಲದ ರವಿಕೆ ಮೇಲಿಂದ ಎಷ್ಟು ಚಂದ ಇದ್ರೂ ಒಂದೇ ಒಗೆತಕ್ಕೆ ಎಳೀತದೆ," ಎನ್ನುತ್ತಿದ್ದಳು. ಜಾಗ ಇಳಿಜಾರು. ಜೆಸಿಬಿ ಗುಡ್ಡ ಕಡಿದಾಗ ಮೇಲಿನ ಅರ್ಧ ಬಂಡೆಯಂಥ ಗಟ್ಟಿ ಮುರಕಲ್ಲಿನ ನೆಲ ಸಿಕ್ಕಿತು. ಕೆಳಗಿನ ಅರ್ಧಕ್ಕೆ ಕೆಂಪುಕಲ್ಲಿನ ಪಂಚಾಂಗ, ಅಂದರೆ ಅಡಿಪಾಯದ ಗೋಡೆ, ಕಟ್ಟಿ ಒಳಗೆ ಮಣ್ಣು ತುಂಬಿಸಬೇಕಿತ್ತು. ಮೇಸ್ತ್ರಿ ಸ್ಪಷ್ಟವಾಗಿ ಹೇಳಿದ್ದರು: "ತುಂಬಿಸಿ ಒಂದು ಮಳೆಗಾಲ ಬಿಟ್ರೆ ಮಣ್ಣು ತಾನೇ ಕೂತುಕೊಳ್ತದೆ. ಬಿಡ್ಲಿಕ್ಕೆ ಆಗುದಿಲ್ಲಾಂದ್ರೆ ಅರ್ಧ ಅಡಿ ಅರ್ಧ ಅಡಿ ಹಾಕ್ಬೇಕು, ಒಂದೊಂದು ಪದರಕ್ಕೂ ಹೊಟ್ಟೆ ತುಂಬ ನೀರು ಕುಡಿಸ್ಬೇಕು, ದಮ್ಮಸು ಹೊಡೆದು ಗಟ್ಟಿ ಮಾಡ್ಬೇಕು."

ಮಣ್ಣಿನ ಕೆಲಸ ನನ್ನದು, ಅದನ್ನು ನಾನೇ ಮಾಡುತ್ತೇನೆ ಎಂದೆ. ಮೇಸ್ತ್ರಿ ಆ ವಾರ ಸುಳ್ಯದ ಕೆಲಸಕ್ಕೆ ಹೋದರು. ಅಗೆದು ಹಾಕಿದ ಇಳಿಜಾರಿನಲ್ಲಿ ಅಕ್ಕನಿಗೆ ಇಳಿದು ಬರಲು ಆಗುತ್ತಿರಲಿಲ್ಲ. ಅವಳ ಮನೆಯಲ್ಲಿ ಅವಳ ಕೈಗೆ ಸಿಗದೆ ಆದ ಕೆಲಸ ಅದೊಂದೇ. ಅದನ್ನು ನನ್ನ ಕೈಗೆ ಕೊಟ್ಟಿದ್ದಳು.

ಮೊದಲಿನ ಪದರಗಳನ್ನು ಸರಿಯಾಗಿಯೇ ಹಾಕಿದೆ. ಆಮೇಲೆ ಮಣ್ಣು ತರುವ ಟಿಪ್ಪರ್ ಬರಲಿಲ್ಲ. ಮೂಲೆಯಲ್ಲಿ ಇನ್ನೂ ಆಳ ಉಳಿದಿತ್ತು. ಪಕ್ಕದಲ್ಲೇ ನಮ್ಮ ಮನೆಯ ತೆಂಗಿನ ಸಿಪ್ಪೆಯ ದೊಡ್ಡ ರಾಶಿ. ಅದನ್ನು ಹೇಗೂ ಅಲ್ಲಿಂದ ಸಾಗಿಸಬೇಕಿತ್ತು. ತೆಂಗಿನ ತೋಟದಲ್ಲಿ ಮರಗಳ ನಡುವೆ ಕಾಲುವೆಯಂಥ ಕಣಿ ತೋಡಿ, ಸಿಪ್ಪೆಯ ಬಟ್ಟಲು, ಅಂದರೆ ಕುಳಿಯಿರುವ ಒಳಬದಿ, ಮೇಲೆ ಮಾಡಿ ಸಾಲಾಗಿ ಜೋಡಿಸಿ, ಮಣ್ಣು ಮುಚ್ಚುತ್ತೇವೆ. ಮಳೆಯ ನೀರು ಅದರಲ್ಲಿ ನಿಂತು ಬೇಸಗೆಯಲ್ಲಿ ಬುಡಕ್ಕೆ ತಂಪು ಕೊಡುತ್ತದೆ, ವರ್ಷಗಟ್ಟಲೆ ಕರಗುವುದಿಲ್ಲ. ಎಷ್ಟು ತೋಟಗಳಲ್ಲಿ ಹಾಗೆ ಹೂತಿದ್ದೇನೆ! ಅಕ್ಕನ ಮನೆಯ ಮೂಲೆಯಲ್ಲೂ ಹಾಗೇ ಮಾಡಿದೆ. ಕೈ ತನ್ನಷ್ಟಕ್ಕೆ ಬಟ್ಟಲು ಮೇಲೆ ಮಾಡಿಯೇ ಜೋಡಿಸಿತು. ಮೇಲೆ ಉಳಿದಿದ್ದ ಕೆಂಪು ಮಣ್ಣು ಎಳೆದು, ದಮ್ಮಸು ಹೊಡೆದು, ಮಟ್ಟ ಮಾಡಿದೆ. ನೋಡಿದರೆ ಎಲ್ಲ ಒಂದೇ ಹಾಗೆ ಕಾಣುತ್ತಿತ್ತು.

ತೋಟಕ್ಕೆ ಯಾವುದು ಒಳ್ಳೆಯದೋ ಅದೇ ನೆಲಕ್ಕೆ ಕೇಡು ಎಂದು ನನಗೆ ಹೊಳೆಯಲಿಲ್ಲ ಎಂದರೆ ಅರ್ಧ ಸತ್ಯ. ನೀರು ಹಿಡಿದಿಡುವ ವಸ್ತುವನ್ನು ಮನೆಯಡಿಗೆ ಹಾಕುತ್ತಿದ್ದೇನೆ ಎಂದು ಮಣ್ಣು ಎಳೆಯುವಾಗ ಒಂದು ಸಲ ಅನಿಸಿತ್ತು. ಅದಕ್ಕೆ ನನ್ನ ಮನಸ್ಸೇ ಉತ್ತರ ಕೊಟ್ಟಿತು: ಒಬ್ಬಳೇ ಎಷ್ಟು ದಿನ ಇರುತ್ತಾಳೆ? ಒಂದು ವರ್ಷ ನೋಡಿ ವಾಪಸ್ ಬರುತ್ತಾಳೆ. ಬರುವವಳ ಮನೆಯ ಮೂಲೆ ಹೇಗಿದ್ದರೆ ಏನು?

ಸಂಜೆ ಅವಳು ಕೇಳಿದಳು: "ಎಲ್ಲ ಪದರಕ್ಕೂ ನೀರು ಹಾಕಿದ್ಯಾ?"

"ಹಾಕಿದೆ."

"ದಣಿದು ಸಾಕಾಗಿದೆ ನಿನಗೆ. ಬೆಲ್ಲ ಹಾಕಿ ಒಂದು ಲೋಟ ಚಹಾ ಕುಡಿ," ಎಂದಳು.

ನಾನು ಮಟ್ಟ ಮಾಡಿದ ಮಣ್ಣಿನ ಮೇಲೆ ಮೇಸ್ತ್ರಿ ಪ್ಲಾಸ್ಟಿಕ್ ಹಾಸಿ, ಕಾಂಕ್ರೀಟು ಹಾಕಿ, ಹಂಚು ಕೂರಿಸಿದರು. ಮನೆ ಎದ್ದಿತು. ಅವಳು ಅಲ್ಲಿ ಬದುಕಿದ ಬಗೆಯನ್ನು ನೋಡಬೇಕಿತ್ತು. ಅಡುಗೆಯ ಕಟ್ಟೆ ಗೇಣೆತ್ತರ, ಸ್ವಿಚ್ಚುಗಳು ಕೈಗೆಟಕುವಷ್ಟು, ರಸ್ತೆಯಿಂದ ಒಳಗಿನವರೆಗೆ ಒಂದೇ ಇಳಿಜಾರು, ಎಲ್ಲೂ ಹೊಸ್ತಿಲಿಲ್ಲ. ಕರೆದರೆ ಆಚೆ ಕೋಣೆಯಿಂದ ಈಚೆಗೆ ಎಷ್ಟು ಬೇಗ ಬರುತ್ತಿದ್ದಳೆಂದರೆ ನಮ್ಮ ಮನೆಯಲ್ಲಿದ್ದ ಅಕ್ಕ ಇವಳೇನಾ ಎಂದು ನನಗೆ ಅನುಮಾನ ಬರುತ್ತಿತ್ತು. ಅವಳು ನಿಧಾನದವಳು ಎಂದೇ ನಾವು ಎಣಿಸಿದ್ದೆವು. ನಿಧಾನ ಮಾಡಿದ್ದು ನಮ್ಮ ಮನೆ.

ಮೊದಲ ಮಳೆಗಾಲದಲ್ಲಿ, ಮಣ್ಣು ತುಂಬಿಸಿದ ಕೆಳಬದಿಯ ಕೋಣೆಯ ಮೂಲೆಯ ಹಂಚು ಕುಟ್ಟಿದರೆ ಪೊಳ್ಳು ದನಿ ಬರುತ್ತದೆ ಎಂದಳು. ನಾನು ಕೇಳಿಸದವನ ಹಾಗೆ ಎದ್ದು ಬಂದೆ. ಎರಡನೆಯ ಮಳೆಗಾಲದಲ್ಲಿ ಅಲ್ಲಿ ನೆಲ ತಗ್ಗಿತು. ಅಡಿಯಲ್ಲಿ ಹಾಸಿದ್ದ ಪ್ಲಾಸ್ಟಿಕ್ ಹರಿದು ಹಂಚಿನ ಬಣ್ಣ ಕಪ್ಪಾಯಿತು, ಸಂದಿನಲ್ಲಿ ಗೆದ್ದಲು ಮಣ್ಣು ಕಾಣಿಸಿತು. ಒಂದು ದಿನ ಎದ್ದು ನಿಂತ ಹಂಚಿನ ಅಂಚು ಅವಳ ಅಂಗೈಯನ್ನು ಆಳವಾಗಿ ಕೊಯ್ದಿತು. ಕೈಯೇ ಕಾಲಾದವಳಿಗೆ ಕೈಗೆ ಗಾಯವಾದರೆ ಏನು ಮಾಡಬೇಕು? ಅವಳನ್ನು ಎತ್ತಿಕೊಂಡು ನಮ್ಮ ಮನೆಗೆ ಕರೆತಂದೆ.

ಗಾಯ ಒಣಗಲೆಂದು ಅವಳು ನಮ್ಮ ಜಗಲಿಯ ಮೂಲೆಯಲ್ಲಿ ಕುಳಿತಿದ್ದಳು. ನೀರು ಬೇಕಾದರೆ ಯಾರನ್ನಾದರೂ ಕರೆಯಬೇಕು. ಬಂದವರೆಲ್ಲ, "ಬಂದ್ರಾ? ಒಳ್ಳೇದಾಯ್ತು. ಒಬ್ರೇ ಎಂತಕ್ಕೆ ಅಲ್ಲಿ? ಆ ಮೇಸ್ತ್ರಿಯನ್ನು ನಂಬಿದ್ದೇ ತಪ್ಪು," ಎನ್ನುತ್ತಿದ್ದರು. ಅವಳು ವಾಪಸ್ ಬರಲೆಂದು ನಾನು ಬಯಸಿದ್ದು ಹಾಗೆಯೇ ನಡೆದಿತ್ತು. ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

"ಮೇಸ್ತ್ರಿಗೆ ಫೋನ್ ಮಾಡು. ನೆಲ ಅಗೆದು ನೋಡುವ," ಎಂದು ಅವಳು ಎರಡು ಮೂರು ಸಲ ಹೇಳಿದಳು. ಅವರು ಬಿಜಿ ಎಂದೆ, ಫೋನ್ ತಾಗುವುದಿಲ್ಲ ಎಂದೆ. ಕೊನೆಗೆ ನನ್ನ ಹೆಂಡತಿಯಿಂದ ನಂಬರ್ ಒತ್ತಿಸಿ ಅವಳೇ ಮಾತಾಡಿದಳು. ಮೇಸ್ತ್ರಿ ಮರುದಿನವೇ ಬಂದರು. ಅಕ್ಕನನ್ನೂ ಕರೆದುಕೊಂಡು ಅವಳ ಮನೆಗೆ ಹೋದೆವು. ಅವರು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಿರುಕಿಗೆ ಬೆರಳು ತೂರಿಸಿ ನೋಡಿದರು. ಸಾಮಾನ್ಯವಾಗಿ ನಗುವ ಆ ಮನುಷ್ಯನ ಮುಖ ಸಣ್ಣದಾಗಿತ್ತು.

"ಅಕ್ಕ, ಕಾಂಕ್ರೀಟು ನಂದು. ತಪ್ಪಿದ್ರೆ ಅದೂ ನಂದೇ. ಕಡಬದಲ್ಲಿ ಜನ ಹೇಳುದು ನಾನೂ ಕೇಳಿದ್ದೇನೆ. ಒಡೆದು ಪುನಃ ಹಾಕಿ ಕೊಡ್ತೇನೆ," ಎಂದು ಹಾರೆ ಎತ್ತಿದರು.

ಆ ಹಾರೆ ನೆಲಕ್ಕೆ ಬೀಳುವ ಮೊದಲು ನನ್ನ ಬಾಯಿ ತೆರೆಯಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಸಿಪ್ಪೆಯೇ ಹೇಳುತ್ತಿತ್ತು. ಹಾಗಾಗಿ ಅದನ್ನು ಧೈರ್ಯ ಎನ್ನಲಾರೆ.

"ಕಾಂಕ್ರೀಟಿಂದಲ್ಲ. ಅಡಿಯಲ್ಲಿ ಸಿಪ್ಪೆ ಉಂಟು."

"ಎಂತ ಸಿಪ್ಪೆ?" ಎಂದರು ಮೇಸ್ತ್ರಿ.

"ತೆಂಗಿಂದು. ನಾನೇ ಹಾಕಿದ್ದು."

ಅಕ್ಕ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿದಳು. "ಬಟ್ಟಲು ಮೇಲೆಯಾ, ಕೆಳಗೆಯಾ?"

"ಮೇಲೆ."

"ಹಾಗಾದ್ರೆ ನಡುವಿಗೆ ಒಂದು ಸಸಿ ಇಟ್ಟಿದ್ರೆ ಆಗ್ತಿತ್ತು. ಇಷ್ಟೊತ್ತಿಗೆ ಹೊಂಬಾಳೆ ಬಿಡ್ತಿತ್ತು."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ, ಗೋಡೆಯ ಕಡೆ ತಿರುಗಿದರು. ಅಕ್ಕ ನಗಲಿಲ್ಲ. "ಯಾಕೆ?" ಎಂದಳು.

"ಆ ದಿನ ಟಿಪ್ಪರ್ ಬರ್ಲಿಲ್ಲ..."

"ಅದಲ್ಲ ನಾನು ಕೇಳಿದ್ದು."

ನಾನು ನೆಲ ನೋಡುತ್ತ ಹೇಳಿದೆ: "ನೀನು ಹೇಗೂ ವಾಪಸ್ ಬರ್ತಿ ಅಂತ ಎಣಿಸಿದ್ದೆ."

"ಬಂದೆನಲ್ಲ," ಎಂದಳು.

ಅವಳು ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಒಂದು ಮಾತು ಮಾತ್ರ ಇವತ್ತಿಗೂ ಹಾಗೇ ಇದೆ.

ಅಂದಿನಿಂದ ಅವಳು ನಮ್ಮ ಮನೆಗೆ ಮರಳಲಿಲ್ಲ. ಮುರಕಲ್ಲಿನ ಮೇಲಿನ ಗಟ್ಟಿ ಅರ್ಧದಲ್ಲೇ ಮೆಷಿನ್, ಒಲೆ, ಚಾಪೆ ಎಲ್ಲ ಇಟ್ಟುಕೊಂಡು ಕುಳಿತಳು. ಗಾಯದ ಕೈಗೆ ಬಟ್ಟೆ ಸುತ್ತಿಕೊಂಡು ಮೊಣಕೈ ಊರಿ ಸರಿದಳು. ನನ್ನ ಹೆಂಡತಿ ಊಟ ಕೊಟ್ಟು ಬರುತ್ತಿದ್ದಳು. "ನಿನ್ನ ಕೈಯಿಂದ ತೆಗ್ದುಕೊಳ್ತೇನೆ. ಅವನಿಗೆ ಹೇಳು, ಅಗೆಯುದು ಬಿಟ್ಟು ಬೇರೆ ಎಂತದೂ ತರುದು ಬೇಡ," ಎಂದಿದ್ದಳಂತೆ.

ನಾನು ಅಗೆದೆ. ಸಿಪ್ಪೆ ನೀರು ಕುಡಿದು ಕೊಳೆತು ಕಪ್ಪಾಗಿತ್ತು. ಗೆದ್ದಲು ಅದರಲ್ಲಿ ಕೇರಿಯನ್ನೇ ಕಟ್ಟಿತ್ತು. ಒಂದು ಬೇರು, ಒಂದು ಕಡ್ಡಿ ಉಳಿಯದ ಹಾಗೆ ಎಲ್ಲ ಹೊರಗೆ ಹಾಕಿದೆ. ಮತ್ತೆ ಕೆಂಪು ಮಣ್ಣು. ಅರ್ಧ ಅಡಿ ಹಾಕಿ, ನೀರು ನಿಲ್ಲಿಸಿ, ಅದು ಇಂಗಿದ ಮೇಲೆ ದಮ್ಮಸು. ಅಕ್ಕ ಬಾಗಿಲ ಬಳಿ ಕುಳಿತು ರವಿಕೆಗೆ ಗುಂಡಿ ಹಾಕುತ್ತ ನೋಡುತ್ತಿದ್ದಳು. ಪ್ರತಿ ಪದರ ಮುಗಿದಾಗ ಒಂದು ಕಬ್ಬಿಣದ ಸರಳು ಕೇಳಿ ಪಡೆದು, ಮಣ್ಣಿಗೆ ಒತ್ತಿ, ಅದು ಸುಲಭದಲ್ಲಿ ಇಳಿದರೆ, "ಇಲ್ಲಿ ಇನ್ನೂ ಕೂತಿಲ್ಲ," ಎನ್ನುತ್ತಿದ್ದಳು. ಅಷ್ಟೇ ಮಾತು. ನಾನು ಮತ್ತೆ ಹೊಡೆಯುತ್ತಿದ್ದೆ. ದಮ್ಮಸಿನ ಸದ್ದು ಮೊದಲು ಬುಸ್ ಎಂದು ಮೆತ್ತಗಿರುತ್ತದೆ. ಮಣ್ಣು ಕುಳಿತಾಗ ಅದು ಗಟ್ಟಿಯಾಗಿ ಕೈಗೆ ತಿರುಗಿ ಬಡಿಯುತ್ತದೆ. ಆ ವ್ಯತ್ಯಾಸ ನನ್ನ ಕಿವಿಗೆ ಬಂದದ್ದು ಆಗಲೇ.

ಮೇಲಿನದನ್ನು ಮೇಸ್ತ್ರಿ ಮಾಡಿದರು. ಒಡೆದ ಕರಿಕಲ್ಲನ್ನು ನೆಟ್ಟಗೆ ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿ, ಸಂದಿಗೆ ಚೂರುಕಲ್ಲು ಬಡಿದು ತುಂಬಿಸಿದರು. ಕೆಳಗಿನ ತೇವ ಆ ಸಂದುಗಳನ್ನು ದಾಟಿ ಸುಲಭವಾಗಿ ಏರುವುದಿಲ್ಲ. ಮೇಲೆ ಮರಳು, ಅದರ ಮೇಲೆ ದಪ್ಪ ಪ್ಲಾಸ್ಟಿಕ್. ಜೋಡಣೆಯಲ್ಲಿ ಒಂದರ ಮೇಲೊಂದು ಚೆನ್ನಾಗಿ ಹಾಯಿಸಿ, ಗೋಡೆಯ ಬದಿಗೆ ಮೇಲಕ್ಕೆ ಮಡಚಿದರು. "ಇದಕ್ಕೆ ಒಂದು ಮೊಳೆಯ ತೂತು ಬಿದ್ರೂ ಮಳೆಗಾಲಕ್ಕೆ ಅದೇ ಸಾಕು," ಎಂದು ನಮ್ಮ ಚಪ್ಪಲಿ ಬಿಚ್ಚಿಸಿದರು. ಗಟ್ಟಿ ನೆಲ ಮುಗಿದು ತುಂಬಿಸಿದ ನೆಲ ಶುರುವಾಗುವಲ್ಲಿ ಕಾಂಕ್ರೀಟನ್ನು ಒಂದೇ ಹಾಳೆಯಾಗಿ ಎಳೆಯದೆ ನಡುವೆ ಒಂದು ಗೆರೆ ಬಿಟ್ಟರು. ಎರಡು ಬಗೆಯ ನೆಲ ಎರಡು ಬಗೆಯಲ್ಲಿ ಅಲುಗುತ್ತದೆ, ಒಟ್ಟಿಗೆ ಕಟ್ಟಿದರೆ ಒಂದು ಇನ್ನೊಂದನ್ನು ಹರಿಯುತ್ತದೆ. ಮನೆಯ ಸುತ್ತ ಗೋಡೆಯಿಂದ ದೂರಕ್ಕೆ ಇಳಿಜಾರು ಮಾಡಿ ಗುಡ್ಡದ ನೀರಿಗೆ ಚರಂಡಿ ತೋಡುವ ಕೆಲಸ ನನಗೆ ಕೊಟ್ಟರು. ಒಳಗೆ ಎಷ್ಟು ಮಾಡಿದರೂ ಹೊರಗಿನ ನೀರು ಪಂಚಾಂಗದ ಬುಡದಲ್ಲಿ ನಿಂತರೆ ಎಲ್ಲ ವ್ಯರ್ಥ.

ಮೇಸ್ತ್ರಿಯ ಜೊತೆ ಕಡಬದ ಚಹಾದಂಗಡಿಗೆ ಹೋಗಿ, ಅವರನ್ನು ಬೈದವರ ಎದುರಿಗೇ ಸಿಪ್ಪೆಯ ಕತೆ ಹೇಳಿದೆ. ಅಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವರನ್ನು ಮನೆ ಕೆಲಸಕ್ಕೆ ಕರೀಬೇಡಿ, ನೆಲದಲ್ಲಿ ಎಳನೀರು ಬರ್ತದೆ," ಎಂದು ಈಗಲೂ ಕಾಲೆಳೆಯುತ್ತಾರೆ. ಎಳೆಯಲಿ. ಮನೆ ಕಟ್ಟುವವರು ಈಗ ನನ್ನನ್ನೇ ಕರೆದು ಮಣ್ಣು ತುಂಬಿಸುವುದನ್ನು ತೋರಿಸು ಎನ್ನುತ್ತಾರೆ. ನಾನು ಹೇಳುವುದು ಒಂದೇ: ಒಂದು ಕಾಲದಲ್ಲಿ ಬೆಳೆದದ್ದು ಯಾವುದನ್ನೂ ನೆಲದಡಿಗೆ ಹಾಕಬೇಡಿ. ಮರದ ಬುಡ, ಬೇರು, ಸಿಪ್ಪೆ, ಸೊಪ್ಪು, ತೋಟದ ಕಪ್ಪು ಮಣ್ಣು, ಯಾವುದೂ ಬೇಡ. ಬೆಳೆದದ್ದು ಕೊಳೆಯುತ್ತದೆ, ಕೊಳೆತದ್ದು ಕುಸಿಯುತ್ತದೆ. ತುಂಬಿಸುವ ದಿನ ಮನೆಯಲ್ಲಿ ಇರುವವರೇ ನಿಂತು ನೋಡಿ. ಅವರಿಗೆ ಬರಲು ಆಗದಿದ್ದರೆ ಎತ್ತಿಕೊಂಡು ಬನ್ನಿ. ನಾನು ಎತ್ತಿಕೊಂಡು ಬರಬಹುದಿತ್ತು.

ಹೊಸ ನೆಲದ ಮೇಲೆ ಮೊದಲ ಜೋರು ಮಳೆ ಹಿಡಿದ ವಾರ ನಾನು ಹೋಗಲೇ ಇಲ್ಲ. ಹೆದರಿಕೆ. ಅಕ್ಕನೇ ಹೇಳಿ ಕಳಿಸಿದಳು. ಹೋದಾಗ ಅವಳು ಮೇಲ್ಬದಿಯ ಕೋಣೆಯಲ್ಲಿ ಮೆಷಿನ್ನಿನ ಎದುರೇ ಕುಳಿತಿದ್ದಳು. ಕೆಳಬದಿಯ ಕೋಣೆ ಖಾಲಿ. ಹಂಚು ತಿಳಿ ಕೆಂಪಾಗಿ ಒಣಗಿತ್ತು. ನಾನು ಬಾಗಿಲಲ್ಲೇ ನಿಂತೆ.

"ಇಲ್ಲಿ ಬೆಳಕು ಸಾಲುದಿಲ್ಲ. ದಾರ ಕಾಣುದಿಲ್ಲ. ಮೆಷಿನ್ ಆಚೆ ಕೋಣೆಗೆ ಇಡು," ಎಂದಳು.

"ಯಾವ ಬದಿಗೆ?"

"ಮೂಲೆಗೆ. ಕಿಟಕಿ ಉಂಟಲ್ಲ ಅಲ್ಲಿ."

ಮೆಷಿನ್ ಭಾರವಿತ್ತು. ಎತ್ತಿಕೊಂಡು ಹೋಗಿ ಆ ಮೂಲೆಯಲ್ಲಿ, ಸಿಪ್ಪೆ ಇದ್ದ ಜಾಗದ ನೇರ ಮೇಲೆ, ಇಳಿಸಿದೆ. ನೆಲ ಒಂದು ಸದ್ದೂ ಮಾಡಲಿಲ್ಲ. ಅಕ್ಕ ಹಿಂದಿನಿಂದ ಸರಿದು ಬಂದು ಅದರೆದುರು ಕುಳಿತಳು. ಹಂಚಿನ ಮೇಲೆ ಅಂಗೈ ಇಟ್ಟು ನೋಡಲಿಲ್ಲ, ಗೆಣ್ಣಿನಿಂದ ಕುಟ್ಟಲಿಲ್ಲ. ಯಾರದೋ ಅರ್ಧ ಹೊಲಿದ ತೋಳನ್ನು ತೆಗೆದು ಸೂಜಿಯಡಿಗೆ ಇಟ್ಟಳು. ಹೊರಗೆ ಮಳೆ ಗುಡ್ಡದಿಂದ ಚರಂಡಿಗೆ ಬೀಳುತ್ತಿತ್ತು. ನಾನು ನಿಂತೇ ಇದ್ದೆ.

"ನಿಂತು ಎಂತ ನೋಡುದು? ಪ್ಲಗ್ ಹಾಕು," ಎಂದಳು.